ಬ್ರಾಯ್ಲರ್ ಕೋಳಿಗೆ ಸೊಪ್ಪಿನ ಪುಡಿ: ಎಷ್ಟು, ಯಾವಾಗ, ಯಾವ ಹೊಲದ್ದು?

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳು ತೊಗರಿಗೆ ಹೆಸರಾದವು. ಮಳೆ ಕೈಕೊಟ್ಟ ವರ್ಷ ಅಥವಾ ತೊಗರಿಯ ಧಾರಣೆ ಇಳಿದ ವರ್ಷ ಮನೆಯ ಖರ್ಚಿಗೆ ಆಸರೆಯಾಗಲೆಂದು ಹೊಲದ ಒಂದು ಮೂಲೆಯಲ್ಲಿ ಬ್ರಾಯ್ಲರ್ ಕೋಳಿಯ ಶೆಡ್ಡು ಹಾಕುವ ರೈತರಿದ್ದಾರೆ. ಕೋಳಿ ಸಾಕಣೆಯ ಒಟ್ಟು ಖರ್ಚಿನಲ್ಲಿ ಮೂರನೇ ಎರಡು ಭಾಗದಷ್ಟು ಆಹಾರಕ್ಕೇ ಹೋಗುತ್ತದೆ. ಅದರ ಮೇಲೆ ಔಷಧದ ಖರ್ಚು ಬೇರೆ. ಹೀಗಿರುವಾಗ, ಬೇವಿನ ಸೊಪ್ಪು ಅಥವಾ ನುಗ್ಗೆ ಸೊಪ್ಪಿನ ಪುಡಿ ಬೆರೆಸಿದರೆ ಕೋಳಿ ಬೇಗ ತೂಗುತ್ತದೆ, ರೋಗ ಬರುವುದಿಲ್ಲ ಎಂಬ ಮಾತು ಕಿವಿಗೆ ಬಿದ್ದರೆ ರೈತನಿಗೆ ಆಸೆ ಹುಟ್ಟುವುದು ಸಹಜ. ಸೊಪ್ಪು ಬದುವಿನ ಮೇಲೆಯೇ ಇದೆ, ಕಾಸು ಕೊಡಬೇಕಾಗಿಲ್ಲ.

ಈ ಮಾತಿನಲ್ಲಿ ಸತ್ಯಾಂಶವಿದೆ. ಆದರೆ ಅದು ಗ್ರಾಂ ಲೆಕ್ಕದ ಸತ್ಯ, ಬುಟ್ಟಿ ಲೆಕ್ಕದ್ದಲ್ಲ. ಮೇಲಾಗಿ ತೊಗರಿ ಹೊಲದ ಬದುವಿನ ಸೊಪ್ಪಿಗೆ ಸಂಬಂಧಿಸಿದ ಒಂದು ಅಪಾಯವನ್ನು ಈ ಭಾಗದ ರೈತರು ವಿಶೇಷವಾಗಿ ತಿಳಿದಿರಬೇಕಾಗುತ್ತದೆ.

ಸೊಪ್ಪಿನ ಮಾತು ಬಂದುದು ಹೇಗೆ?

1940ರ ದಶಕದ ಕೊನೆಯಲ್ಲಿ ಅಮೆರಿಕದ ವಿಜ್ಞಾನಿಗಳಾದ ಥಾಮಸ್ ಜೂಕ್ಸ್ ಮತ್ತು ರಾಬರ್ಟ್ ಸ್ಟಾಕ್‌ಸ್ಟಾಡ್ ಕೋಳಿಮರಿಗಳಿಗೆ ಬಿ-12 ಜೀವಸತ್ವದ ಅಗ್ಗದ ಮೂಲವೊಂದನ್ನು ಹುಡುಕುತ್ತಿದ್ದರು. ಕ್ಲೋರ್‌ಟೆಟ್ರಾಸೈಕ್ಲಿನ್ ಎಂಬ ಪ್ರತಿಜೀವಕವನ್ನು ತಯಾರಿಸಿ ಉಳಿದ ಗಸಿಯನ್ನು ಮರಿಗಳಿಗೆ ತಿನ್ನಿಸಿದಾಗ, ಜೀವಸತ್ವದಿಂದ ನಿರೀಕ್ಷಿಸಬಹುದಾದುದಕ್ಕಿಂತ ಹೆಚ್ಚು ಬೆಳವಣಿಗೆ ಕಂಡಿತು. ಗಸಿಯಲ್ಲಿ ಉಳಿದಿದ್ದ ಪ್ರತಿಜೀವಕವೇ ಅದಕ್ಕೆ ಕಾರಣವೆಂದು ಆಮೇಲೆ ತಿಳಿಯಿತು. ಅಲ್ಲಿಂದ ಮುಂದೆ ರೋಗವಿಲ್ಲದ ಕೋಳಿಗೂ ದಿನವೂ ಚಿಟಿಕೆಯಷ್ಟು ಪ್ರತಿಜೀವಕ ತಿನ್ನಿಸುವ ಪದ್ಧತಿ ಜಗತ್ತಿನಾದ್ಯಂತ ಹಬ್ಬಿತು.

ಇದರ ಕೆಡುಕು ತಡವಾಗಿ ಅರಿವಿಗೆ ಬಂತು. ಸ್ವಲ್ಪ ಸ್ವಲ್ಪವೇ ಔಷಧ ತಿಂದು ಬದುಕಿದ ರೋಗಾಣುಗಳು ಆ ಔಷಧಕ್ಕೆ ಬಗ್ಗದಂತಾಗುತ್ತವೆ. ಕಾಯಿಕೊರಕಕ್ಕೆ ಒಂದೇ ಕೀಟನಾಶಕವನ್ನು ವರ್ಷ ವರ್ಷವೂ ಹೊಡೆದರೆ ಏನಾಗುತ್ತದೆಂಬುದನ್ನು ತೊಗರಿ ಬೆಳೆಗಾರರಿಗೆ ಹೊಸದಾಗಿ ಹೇಳಬೇಕಾಗಿಲ್ಲ, ಇದೂ ಅಂಥದೇ. ವ್ಯತ್ಯಾಸವೆಂದರೆ ಇಲ್ಲಿ ಆ ರೋಗಾಣು ಮನುಷ್ಯನಿಗೂ ತಗಲಬಹುದು. ಬೆಳವಣಿಗೆಗಾಗಿ ಪ್ರತಿಜೀವಕ ಬಳಸುವುದನ್ನು ಸ್ವೀಡನ್ ದೇಶ 1986ರಲ್ಲಿ ನಿಷೇಧಿಸಿತು; ಯುರೋಪ್ ಒಕ್ಕೂಟ 2006ರ ಜನವರಿ 1ರಿಂದ ಪೂರ್ತಿ ನಿಲ್ಲಿಸಿತು. ಆರೋಗ್ಯವಂತ ಪ್ರಾಣಿಗಳಿಗೆ ಹೀಗೆ ತಿನ್ನಿಸಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಸಲಹೆ ನೀಡಿತು. ಭಾರತ ಸರ್ಕಾರ 2019ರ ಜುಲೈ ತಿಂಗಳಲ್ಲಿ ಕೊಲಿಸ್ಟಿನ್ ಎಂಬ ಔಷಧವನ್ನು ಕೋಳಿ ಮತ್ತಿತರ ಆಹಾರ ಪ್ರಾಣಿಗಳಿಗೆ ಬಳಸದಂತೆ ನಿಷೇಧಿಸಿತು. ಬೇರೆ ಔಷಧಗಳು ಫಲಿಸದಾಗ ಆಸ್ಪತ್ರೆಯಲ್ಲಿ ಕೊನೆಯ ಆಸರೆಯಾಗಿ ಉಳಿದಿರುವ ಔಷಧವದು.

ಪ್ರತಿಜೀವಕ ಬಿಟ್ಟ ಮೇಲೆ ಕೋಳಿಯ ಕರುಳನ್ನು ಸುಸ್ಥಿತಿಯಲ್ಲಿಡಲು ಬೇರೇನು ಕೊಡಬಹುದೆಂಬ ಹುಡುಕಾಟದಲ್ಲಿ ಸಂಶೋಧಕರ ಗಮನ ಗಿಡಮೂಲಿಕೆಗಳ ಕಡೆಗೆ ಹೊರಳಿತು. ನುಗ್ಗೆ, ಬೇವು, ತುಳಸಿ, ಕರಿಬೇವು, ಅಮೃತಬಳ್ಳಿ ಮುಂತಾದವುಗಳ ಮೇಲೆ ಭಾರತದಲ್ಲಿಯೂ ಆಫ್ರಿಕದ ದೇಶಗಳಲ್ಲಿಯೂ ಬಹಳಷ್ಟು ಪ್ರಯೋಗಗಳು ನಡೆದಿವೆ. ಫಲಿತಾಂಶ ಒಂದೇ ರೀತಿಯಾಗಿಲ್ಲ. ಕೆಲವೆಡೆ ತೂಕ ಹೆಚ್ಚಿದೆ, ಕೆಲವೆಡೆ ಯಾವ ವ್ಯತ್ಯಾಸವೂ ಇಲ್ಲ, ಪ್ರಮಾಣ ಮೀರಿದಲ್ಲಿ ತೂಕ ಇಳಿದಿದೆ. ಎಲೆಯ ಪ್ರಾಯ, ಕೊಯ್ದ ಕಾಲ, ಒಣಗಿಸಿದ ರೀತಿ ಇವೆಲ್ಲ ಬೇರೆ ಬೇರೆಯಾಗಿರುವುದರಿಂದ ಇದು ಆಶ್ಚರ್ಯವಲ್ಲ.

ಕೋಳಿಯ ಹೊಟ್ಟೆ ಎಮ್ಮೆಯ ಹೊಟ್ಟೆಯಲ್ಲ

ನುಗ್ಗೆ ಎಲೆಯನ್ನು ಒಣಗಿಸಿದರೆ ಅದರಲ್ಲಿ ಶೇಕಡಾ 25ರ ಆಸುಪಾಸಿನಲ್ಲಿ ಸಸಾರಜನಕವಿರುತ್ತದೆ. ಸುಣ್ಣದ ಅಂಶ ಹೇರಳವಾಗಿದೆ. ಎ ಜೀವಸತ್ವಕ್ಕೆ ಮೂಲವಾದ ಕ್ಯಾರೋಟಿನ್, ಚರ್ಮಕ್ಕೂ ಮೊಟ್ಟೆಯ ಹಳದಿಗೂ ಬಣ್ಣ ಕೊಡುವ ಹಳದಿ ವರ್ಣದ್ರವ್ಯಗಳು ಇವೆ. ಬಿಸಿಲಿನ ಝಳದಿಂದ ದೇಹದ ಜೀವಕೋಶಗಳಿಗೆ ಆಗುವ ಹಾನಿಯನ್ನು ಸ್ವಲ್ಪಮಟ್ಟಿಗೆ ತಡೆಯುವ ಗುಣವೂ ಈ ಸೊಪ್ಪಿನಲ್ಲಿರುವ ಕೆಲವು ವಸ್ತುಗಳಿಗೆ ಇದೆ. ಕರುಳಿನ ಕೆಡುಕು ಜೀವಾಣುಗಳನ್ನು ಹತೋಟಿಯಲ್ಲಿಡುವುದು, ಜೀರ್ಣರಸ ಚೆನ್ನಾಗಿ ಸ್ರವಿಸುವಂತೆ ಮಾಡುವುದು ಎಲೆಗಳ ಇನ್ನೊಂದು ಉಪಯೋಗ.

ಇಷ್ಟು ಕೇಳಿದವರು ಹಿಂಡಿಯ ಬದಲು ಸೊಪ್ಪನ್ನೇ ಹೆಚ್ಚು ಹಾಕಿದರಾಯಿತಲ್ಲ ಎಂದುಕೊಳ್ಳುತ್ತಾರೆ. ತಪ್ಪುವುದು ಇಲ್ಲಿಯೇ. ಎಮ್ಮೆಗೆ ನಾರನ್ನು ಕೊಳೆಸಿ ಅರಗಿಸುವ ದೊಡ್ಡ ಹೊಟ್ಟೆಯಿದೆ, ಕೋಳಿಗೆ ಇಲ್ಲ. ಬ್ರಾಯ್ಲರ್ ಕೋಳಿ ತಿಂದದ್ದು ಕೆಲವೇ ಗಂಟೆಗಳಲ್ಲಿ ಹೊರಬೀಳುತ್ತದೆ. ನಾರು ಅದಕ್ಕೆ ಹೊರೆ. ಎಲೆಯಲ್ಲಿರುವ ಟ್ಯಾನಿನ್, ಸಪೋನಿನ್, ಫೈಟೇಟುಗಳು ಪ್ರಮಾಣ ಹೆಚ್ಚಾದರೆ ಸಸಾರಜನಕವನ್ನೂ ಖನಿಜಗಳನ್ನೂ ಹಿಡಿದಿಟ್ಟು ಕೋಳಿಗೆ ದಕ್ಕದಂತೆ ಮಾಡುತ್ತವೆ.

ಎಲ್ಲಕ್ಕಿಂತ ಮುಖ್ಯವಾದುದು ಶಕ್ತಿಯ ಲೆಕ್ಕ. ಭಾರತೀಯ ಮಾನಕ ಬ್ಯೂರೊ 2007ರಲ್ಲಿ ಗೊತ್ತುಪಡಿಸಿದ ಪ್ರಕಾರ ಬ್ರಾಯ್ಲರ್ ಸ್ಟಾರ್ಟರ್ ಆಹಾರದ ಪ್ರತಿ ಕಿಲೋದಲ್ಲಿ 3,100 ಕಿಲೋ ಕ್ಯಾಲೊರಿ ಶಕ್ತಿ ಮತ್ತು ಶೇಕಡಾ 22 ಸಸಾರಜನಕ ಇರಬೇಕು. ಎಲೆಯ ಪುಡಿಯ ಶಕ್ತಿಯನ್ನು 1,500 ಎಂದು ಹಿಡಿಯೋಣ. 95 ಕಿಲೋ ಆಹಾರಕ್ಕೆ 5 ಕಿಲೋ ಪುಡಿ ಬೆರೆಸಿದರೆ ಪ್ರತಿ ಕಿಲೋ ಮಿಶ್ರಣದ ಶಕ್ತಿ 3,020ಕ್ಕೆ ಇಳಿಯುತ್ತದೆ. ಕೋಳಿ ಈ ಕೊರತೆಯನ್ನು ತುಂಬಿಕೊಳ್ಳಲು ಇನ್ನಷ್ಟು ತಿನ್ನಬೇಕು, ಇಲ್ಲವೆ ತೂಕ ಕಳೆದುಕೊಳ್ಳಬೇಕು. ಅದೇ 99 ಕಿಲೋಗೆ 1 ಕಿಲೋ ಬೆರೆಸಿದರೆ ಇಳಿಕೆ ಬರೀ 16. ಅಷ್ಟನ್ನು ಕೋಳಿ ಸಹಿಸಿಕೊಳ್ಳುತ್ತದೆ. ನುಗ್ಗೆ ಪುಡಿ ಶೇಕಡಾ 5 ದಾಟಿದ ಮೇಲೆ ಬೆಳವಣಿಗೆ ಕುಂಠಿತವಾದುದು ಹಲವು ಪ್ರಯೋಗಗಳಲ್ಲಿ ಕಂಡುಬಂದಿದೆ. ಆಹಾರವನ್ನು ಮರುಲೆಕ್ಕ ಹಾಕಿ ಎಣ್ಣೆ ಸೇರಿಸುವ ಅನುಕೂಲವಿಲ್ಲದ ರೈತ ಶೇಕಡಾ 1ರಲ್ಲಿ ನಿಲ್ಲುವುದು ಕ್ಷೇಮ. ಮೊದಲ ವಾರದ ಮರಿಗಳಿಗೆ ಇದೂ ಬೇಡ.

ಕಲಬುರಗಿಯ ದಾಲ್ ಮಿಲ್ಲುಗಳಲ್ಲಿ ಸಿಗುವ ತೊಗರಿ ಚುನ್ನಿಯ ಬಗ್ಗೆಯೂ ಇದೇ ಕಾರಣಕ್ಕೆ ಒಂದು ಮಾತು ಹೇಳಬೇಕು. ದನಕರುಗಳಿಗೆ ಅದು ಒಳ್ಳೆಯ ಮೇವು. ಅಗ್ಗವೆಂದು ಬ್ರಾಯ್ಲರ್‌ಗೆ ಸುರಿದರೆ ನಾರಿನಿಂದಾಗಿ ನಷ್ಟವೇ.

ಯಾವ ಸೊಪ್ಪು?

ಈ ಮೂರು ತಾಲ್ಲೂಕುಗಳಿಗೆ ನುಗ್ಗೆಯೇ ಮೊದಲ ಆಯ್ಕೆ. 100 ಕಿಲೋ ಮಿಶ್ರಣದಲ್ಲಿ 1 ಕಿಲೋ ಪುಡಿ ಇದ್ದರೆ ಸಾಕು.

ಬೇವು ಎಲ್ಲೆಲ್ಲೂ ಸಿಗುತ್ತದೆ, ಆದರೆ ಅದರ ಕಹಿಯೇ ಅದರ ಮಿತಿ. ಪ್ರತಿ ಕಿಲೋ ಆಹಾರಕ್ಕೆ 2 ಗ್ರಾಂ, ಎಂದರೆ 100 ಕಿಲೋಗೆ 200 ಗ್ರಾಂ ಮೀರಬಾರದು. ಹೆಚ್ಚಾದರೆ ಕೋಳಿ ಆಹಾರಕ್ಕೆ ಬಾಯಿ ಹಾಕುವುದು ಕಡಿಮೆಯಾಗುತ್ತದೆ. ತುಳಸಿ ಎಲೆಯ ಪುಡಿಯನ್ನು ಕಿಲೋಗೆ 2ರಿಂದ 3 ಗ್ರಾಂ ಕೊಡಬಹುದು. ಮೂರನ್ನೂ ಒಟ್ಟಿಗೆ ಬೆರೆಸಿ ಕಲಸುಮೇಲೋಗರ ಮಾಡಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ.

ಸುಬಾಬುಲ್ ಬೇಡ. ಅದರ ಎಲೆಯಲ್ಲಿ ಮಿಮೋಸಿನ್ ಎಂಬ ವಿಷಾಂಶವಿದೆ. ಆಡುದನಗಳಿಗೆ ಮಿತವಾಗಿ ಹಾಕುವ ಸೊಪ್ಪು ಬೆಳೆಯುವ ಕೋಳಿಮರಿಗೆ ಒಗ್ಗುವುದಿಲ್ಲ. ಬದುವಿನ ಸೊಪ್ಪು ಕೊಯ್ಯಲು ಆಳು ಕಳಿಸಿದಾಗ ಕಾಂಗ್ರೆಸ್ ಕಸ ಅದರೊಡನೆ ಸೇರಿ ಬರದಂತೆಯೂ ನೋಡಿಕೊಳ್ಳಬೇಕು.

ಯಾವ ಹೊಲದ ಸೊಪ್ಪು?

ಸೊಪ್ಪಿನ ಪುಡಿಯ ಕುರಿತ ಬರಹಗಳಲ್ಲಿ ಹೆಚ್ಚಾಗಿ ಬಿಟ್ಟುಹೋಗುವ ವಿಷಯವಿದು. ತೊಗರಿ ಜೂನ್-ಜುಲೈನಲ್ಲಿ ಬಿತ್ತನೆಯಾಗಿ, ತಳಿ ಮತ್ತು ಬಿತ್ತಿದ ದಿನವನ್ನು ಅನುಸರಿಸಿ ಅಕ್ಟೋಬರ್-ನವೆಂಬರ್ ಹೊತ್ತಿಗೆ ಹೂವಾಡುತ್ತದೆ. ಟಿ.ಎಸ್.-3ಆರ್ ಇರಲಿ, ಜಿ.ಆರ್.ಜಿ.-811 ಇರಲಿ, ಹೂವು ಬಿಟ್ಟಲ್ಲಿಂದ ಕಾಯಿ ಬಲಿಯುವವರೆಗೆ ಕಾಯಿಕೊರಕದ ಕಾಟ ತಪ್ಪಿದ್ದಲ್ಲ. ಆಗ ರೈತರು ಎರಡು ಮೂರು ಬಾರಿಯಾದರೂ ಕೀಟನಾಶಕ ಸಿಂಪಡಿಸುತ್ತಾರೆ. ತೊಗರಿ ಆಳೆತ್ತರ ಬೆಳೆದಿರುವುದರಿಂದ ಸಿಂಪರಣೆಯೂ ಮೇಲಿನಿಂದಲೇ ಆಗುತ್ತದೆ. ಡ್ರೋನ್ ಬಂದ ಮೇಲೆ ಗಾಳಿಗೆ ಹಾರುವ ಹನಿಗಳು ಪಕ್ಕದ ಹೊಲದ ಬದುವಿನವರೆಗೂ ಹೋಗಬಲ್ಲವು. ಬದುವಿನ ಮೇಲಿನ ನುಗ್ಗೆ, ಬೇವುಗಳ ಎಲೆಗಳ ಮೇಲೆ ಆ ವಿಷ ಕೂರುತ್ತದೆ.

ಹಸಿ ಎಲೆಯನ್ನು ಒಣಗಿಸಿದಾಗ ಐದು ಕಿಲೋ ಒಂದು ಕಿಲೋ ಆಗುತ್ತದೆ. ನೀರು ಆರಿಹೋಗುತ್ತದೆ, ವಿಷವೆಲ್ಲ ಹೋಗುವುದಿಲ್ಲ. ಒಂದು ಕಿಲೋ ಪುಡಿಯಲ್ಲಿ ಅದು ಮೊದಲಿಗಿಂತ ದಟ್ಟವಾಗಿ ಉಳಿಯಬಹುದು. ಅಂಥ ಪುಡಿ ತಿಂದ ಕೋಳಿ ಸಾಯದೆ ಇರಬಹುದು, ಆದರೆ ಅದರ ಬೆಳವಣಿಗೆ ಕುಂಠಿತವಾಗಬಹುದು, ಮತ್ತು ಅದರ ಮಾಂಸದ ಮೂಲಕ ವಿಷ ಊಟದ ತಟ್ಟೆಗೆ ಬರಬಹುದು. ಔಷಧದ ಉಳಿಕೆ ಬೇಡವೆಂದು ಪ್ರತಿಜೀವಕ ಬಿಟ್ಟು ಕೀಟನಾಶಕದ ಉಳಿಕೆ ತಿನ್ನಿಸಿದಂತಾಗುತ್ತದೆ.

ಆದುದರಿಂದ ಬದುವಿನ ಸೊಪ್ಪನ್ನು ಕೊಯ್ಯುವುದಿದ್ದರೆ ತೊಗರಿಗೆ ಮೊದಲ ಸಿಂಪರಣೆ ಆಗುವುದಕ್ಕೆ ಮುಂಚೆ, ಸಾಮಾನ್ಯವಾಗಿ ಸೆಪ್ಟೆಂಬರ್ ಒಳಗೆ, ಕೊಯ್ದು ಮುಗಿಸಬೇಕು. ಹೂವಾಡುವ ಕಾಲದಿಂದ ತೊಗರಿ ರಾಶಿಯಾಗುವವರೆಗೆ ಬದುವಿನ ಸೊಪ್ಪು ಕೋಳಿಗೆ ನಿಷಿದ್ಧ. ರಾಶಿಯ ನಂತರ ಹಳೆಯ ರೆಂಬೆಗಳನ್ನು ಕಡಿದುಹಾಕಿ, ಹೊಸದಾಗಿ ಚಿಗುರಿದ ಎಲೆಯನ್ನು ಮಾತ್ರ ಬಳಸಬೇಕು. ಅಫಜಲಪುರದ ಕಡೆ ಕಬ್ಬಿನ ಗದ್ದೆಯಲ್ಲಿ ಕಳೆನಾಶಕ ಹೊಡೆದ ಅಂಚಿನಲ್ಲಿರುವ ಗಿಡಗಳನ್ನೂ ಬಿಡಬೇಕು.

ಇದಕ್ಕಿಂತ ಒಳ್ಳೆಯದೆಂದರೆ ಶೆಡ್ಡಿನ ಪಕ್ಕದಲ್ಲಿ ಅಥವಾ ಮನೆಯ ಹಿತ್ತಲಿನಲ್ಲಿ ಸೊಪ್ಪಿಗಾಗಿಯೇ ನುಗ್ಗೆ ಹಾಕುವುದು. ಬೇಕಾಗುವ ಜಾಗ ಬಹಳವಲ್ಲ. ಸಾವಿರ ಕೋಳಿಗಳು ತಲಾ 2 ಕಿಲೋ ತೂಗುವ ಹೊತ್ತಿಗೆ ಒಟ್ಟು 3,400 ಕಿಲೋ ಆಹಾರ ತಿನ್ನುತ್ತವೆಂದು ಇಟ್ಟುಕೊಂಡರೆ, ಮೊದಲ ವಾರದ್ದನ್ನು ಕಳೆದು ಸುಮಾರು 3,200 ಕಿಲೋಗೆ ಶೇಕಡಾ 1ರಂತೆ 32 ಕಿಲೋ ಪುಡಿ ಬೇಕು. ಅದಕ್ಕೆ ಕಡ್ಡಿ ಬಿಡಿಸಿದ ಹಸಿ ಎಲೆ 160 ಕಿಲೋ. ಒಂದು ಕೊಯ್ಲಿಗೆ ಗಿಡವೊಂದಕ್ಕೆ ಅರ್ಧ ಕಿಲೋ ಎಲೆ ಎಂದು ಕಡಿಮೆ ಹಿಡಿದರೂ 320 ಗಿಡಗಳು ಸಾಕು. ಮೀಟರಿಗೊಂದರಂತೆ ಸಾಲಿನಿಂದ ಸಾಲಿಗೂ ಒಂದು ಮೀಟರ್ ಬಿಟ್ಟು ಹಾಕಿದರೆ ಇದು ಸುಮಾರು ಮೂರು ಗುಂಟೆಯಲ್ಲಿ ಹಿಡಿಯುತ್ತದೆ.

ಪೆರಿಯಕುಳಂನ ಪಿ.ಕೆ.ಎಂ.-1 ಅಥವಾ ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯದ 'ಭಾಗ್ಯ' ತಳಿಯ ಬೀಜವನ್ನು ಮುಂಗಾರು ಹದವಾದೊಡನೆ ಊರಬಹುದು. ಗಿಡ ಎರಡೂವರೆ ಅಡಿಯಾದಾಗ ಕುಡಿ ಚಿವುಟಿದರೆ ಕವಲೊಡೆಯುತ್ತದೆ. ಸುಮಾರು ಮೂರು ತಿಂಗಳಿಗೆ ಮೊದಲ ಕೊಯ್ಲು, ಆಮೇಲೆ ಒಂದೂವರೆ-ಎರಡು ತಿಂಗಳಿಗೊಮ್ಮೆ ನೆಲದಿಂದ ಎರಡು ಅಡಿ ಬಿಟ್ಟು ಕತ್ತರಿಸುತ್ತ ಹೋಗಬೇಕು. ನುಗ್ಗೆ ಬರವನ್ನು ತಡೆಯುತ್ತದೆ, ಆದರೆ ಬುಡದಲ್ಲಿ ನೀರು ನಿಂತರೆ ಬೇರು ಕೊಳೆತು ಸಾಯುತ್ತದೆ. ಜೇವರ್ಗಿಯ ಕಾಲುವೆ ನೀರಾವರಿಯ ಎರೆ ಭೂಮಿಯಲ್ಲಿ ಮತ್ತು ಭೀಮಾ ದಂಡೆಯ ಹೊಲಗಳಲ್ಲಿ ಇದು ಮುಖ್ಯ. ಅಲ್ಲಿ ಏರು ಮಡಿ ಮಾಡಿ ಅದರ ಮೇಲೆಯೇ ಹಾಕಬೇಕು. ಆಳಂದದ ಮಡ್ಡಿ ಹೊಲಗಳಲ್ಲಿ ಈ ಚಿಂತೆ ಕಡಿಮೆ. ಬೇಸಿಗೆಯಲ್ಲಿ ನೀರು ಕೊಟ್ಟರಾಯಿತು. ಶೆಡ್ಡಿನ ಗೊಬ್ಬರ ಕೈಯಳತೆಯಲ್ಲೇ ಇರುವುದರಿಂದ ರಸಗೊಬ್ಬರದ ಅಗತ್ಯ ಹೆಚ್ಚಿಲ್ಲ, ಆದರೆ ಗೊಬ್ಬರವನ್ನು ಕಳಿಸಿ ಬುಡಕ್ಕೆ ಹಾಕಬೇಕು, ಎಲೆಗೆ ತಾಗಬಾರದು. ಕಂಬಳಿಹುಳು ಅಥವಾ ಎಲೆ ತಿನ್ನುವ ಹುಳು ಕಂಡರೆ ಶೇಕಡಾ 5ರ ಬೇವಿನ ಬೀಜದ ಕಷಾಯ ಸಾಕು. ತೊಗರಿಗೆ ತಂದ ಡಬ್ಬಿಯನ್ನು ಇಲ್ಲಿ ಬಿಚ್ಚಬಾರದು.

ಒಣಗಿಸುವುದು

ಎಲೆಯನ್ನು ಸ್ವಚ್ಛ ನೀರಿನಲ್ಲಿ ತೊಳೆದು, ನೀರು ಬಸಿದ ಮೇಲೆ ನೆರಳಿನಲ್ಲಿ ತಾಡಪತ್ರಿಯ ಮೇಲೆ ತೆಳ್ಳಗೆ ಹರಡಿ, ದಿನಕ್ಕೆ ಎರಡು ಮೂರು ಸಲ ಮಗುಚಬೇಕು. ನೇರ ಬಿಸಿಲಿಗೆ ಹಾಕಿದರೆ ಎಲೆ ಕಂದಿ ಕ್ಯಾರೋಟಿನ್ ಹಾಳಾಗುತ್ತದೆ. ಎಲೆ ಹಸಿರಾಗಿಯೇ ಇದ್ದು ಅಂಗೈಯಲ್ಲಿ ತಿಕ್ಕಿದರೆ ಪುಡಿಪುಡಿಯಾಗಬೇಕು. ಈ ಭಾಗದ ಬೇಸಿಗೆಯ ಒಣ ಹವೆಯಲ್ಲಿ ಇದು ಸುಲಭ. ಆಗಸ್ಟ್-ಸೆಪ್ಟೆಂಬರ್‌ನ ಮೋಡದ ದಿನಗಳಲ್ಲಿ ಮಾತ್ರ ಎಚ್ಚರ ಬೇಕು: ಹಸಿ ಉಳಿದ ಎಲೆಗೆ ಬೂಷ್ಟು ಬರುತ್ತದೆ, ಬೂಷ್ಟು ಹಿಡಿದ ಆಹಾರದಲ್ಲಿ ಕೋಳಿಯ ಯಕೃತ್ತನ್ನು ಕೆಡಿಸುವ ಅಫ್ಲಾಟಾಕ್ಸಿನ್ ವಿಷ ಹುಟ್ಟಬಹುದು. ಮುಗ್ಗಲು ವಾಸನೆ ಬಂದ ಪುಡಿಯನ್ನು ತಿಪ್ಪೆಗೆ ಹಾಕಬೇಕೇ ಹೊರತು ಮತ್ತೆ ಒಣಗಿಸಿ ಬಳಸಬಾರದು. ಚೆನ್ನಾಗಿ ಒಣಗಿದ್ದನ್ನು ಪುಡಿಮಾಡಿ ಸಾಣಿಸಿ, ಗಾಳಿಯಾಡದ ಡಬ್ಬಿಯಲ್ಲಿಟ್ಟು ಎರಡು ಮೂರು ತಿಂಗಳೊಳಗೆ ಮುಗಿಸುವುದು ಒಳ್ಳೆಯದು.

ಬೆರೆಸುವುದು

ಒಂದು ಕಿಲೋ ಪುಡಿಯನ್ನು ಒಮ್ಮೆಗೇ ಕ್ವಿಂಟಲ್ ಆಹಾರಕ್ಕೆ ಸುರಿದು ಸಲಿಕೆಯಿಂದ ತಿರುವಿದರೆ ಸಮವಾಗಿ ಬೆರೆಯುವುದಿಲ್ಲ. ಮೊದಲು 5 ಕಿಲೋ ಆಹಾರದಲ್ಲಿ ಕೈಯಿಂದ ಬೆರೆಸಿ, ಅದನ್ನು 25 ಕಿಲೋಗೆ, ಅದನ್ನು ಉಳಿದುದಕ್ಕೆ ಬೆರೆಸಬೇಕು. ಹಿಟ್ಟಿನ ರೂಪದ ಆಹಾರಕ್ಕೆ ಮಾತ್ರ ಇದು ಹೊಂದುತ್ತದೆ. ಗುಳಿಗೆಯ ಆಹಾರದಲ್ಲಿ ಪುಡಿ ತೊಟ್ಟಿಯ ತಳಕ್ಕೆ ಇಳಿಯುತ್ತದೆ, ಕೋಳಿ ಗುಳಿಗೆಯನ್ನಷ್ಟೇ ಆರಿಸುತ್ತದೆ. ಸೊಪ್ಪಿನ ಕಷಾಯವನ್ನು ನೀರಿಗೆ ಬೆರೆಸುವ ರೂಢಿಯೂ ಇದೆ. ನಿಪ್ಪಲ್ ನಳಿಕೆಗಳಿದ್ದಲ್ಲಿ ಅದರ ಗಸಿ ನಳಿಕೆ ಕಟ್ಟಿಸುತ್ತದೆ. ನೀರಿನ ಮೂಲಕ ಲಸಿಕೆ ಕೊಡುವ ದಿನ ಯಾವ ಕಷಾಯವೂ ನೀರಿನಲ್ಲಿರಬಾರದು. ಲಸಿಕೆಯ ಜೀವಾಣು ಸತ್ತರೆ ಲಸಿಕೆ ವ್ಯರ್ಥ.

ಗುತ್ತಿಗೆ ಸಾಕಣೆಯಲ್ಲಿ ಮರಿ, ಆಹಾರ, ಔಷಧ ಎಲ್ಲವೂ ಕಂಪನಿಯವು. ರೈತನದು ಶೆಡ್ಡು ಮತ್ತು ದುಡಿಮೆ. ಅಂಥವರು ಕಂಪನಿಯ ಒಪ್ಪಿಗೆಯಿಲ್ಲದೆ ಆಹಾರಕ್ಕೆ ಏನನ್ನೂ ಬೆರೆಸಬಾರದು. ತೂಕ ಕಡಿಮೆಯಾದರೆ ಹೊಣೆ ರೈತನ ತಲೆಗೇ ಬರುತ್ತದೆ. ಈ ಲೇಖನದ ಲೆಕ್ಕಗಳು ಸ್ವಂತವಾಗಿ ಆಹಾರ ತಯಾರಿಸಿಕೊಳ್ಳುವವರಿಗೆ ಅನ್ವಯಿಸುತ್ತವೆ. ಗಿರಿರಾಜದಂಥ ಹಿತ್ತಲ ಕೋಳಿ ಸಾಕುವವರಿಗೆ ಇಷ್ಟು ಬಿಗಿಯಿಲ್ಲ. ಅವು ನಿಧಾನ ಬೆಳೆಯುವ ಕೋಳಿಗಳು, ಹಸಿ ನುಗ್ಗೆ ರೆಂಬೆಯನ್ನು ಕಟ್ಟಿ ತೂಗುಹಾಕಿದರೆ ತಾವೇ ಕುಕ್ಕಿ ತಿನ್ನುತ್ತವೆ.

ಸೊಪ್ಪಿನಿಂದ ಆಗದ ಕೆಲಸ

ಕೊಕ್ಕರೆ ರೋಗ ಮತ್ತು ಗಂಬೋರೊ ರೋಗಗಳನ್ನು ಯಾವ ಸೊಪ್ಪೂ ತಡೆಯಲಾರದು. ಮೊದಲ ವಾರದ ಲಸೋಟ ಲಸಿಕೆ, ಎರಡನೇ ವಾರದ ಗಂಬೋರೊ ಲಸಿಕೆ ಮತ್ತು ಪಶುವೈದ್ಯರು ಹೇಳಿದ ದಿನದ ಮರುಲಸಿಕೆಯನ್ನು ಬಿಡುವಂತಿಲ್ಲ. ರಕ್ತಭೇದಿ ಕಾಣಿಸಿಕೊಂಡರೆ ಬೇವಿನ ಪುಡಿ ಹೆಚ್ಚಿಸುತ್ತ ಕೂರದೆ ವೈದ್ಯರಿಗೆ ತೋರಿಸಬೇಕು. ಎರಡು ದಿನ ಕಾಯ್ದರೆ ಹಿಂಡೇ ಹೋಗುವ ರೋಗವದು. ಒದ್ದೆ ಹಾಸನ್ನು ತೆಗೆದು ಒಣ ಹಾಸು ಹಾಕುವುದು ರಕ್ತಭೇದಿಯ ಮಟ್ಟಿಗೆ ಎಲ್ಲ ಎಲೆಗಳಿಗಿಂತ ಮೇಲು.

ಬೇಸಿಗೆಯ ವಿಷಯವೂ ಹಾಗೆಯೇ. ಏಪ್ರಿಲ್-ಮೇ ತಿಂಗಳಲ್ಲಿ ಈ ಭಾಗದ ತಾಪಮಾನ 42 ಡಿಗ್ರಿ ಮುಟ್ಟುವಾಗ ಕೋಳಿಗಳು ಬಾಯಿ ತೆರೆದು ಏದುಸಿರು ಬಿಡುತ್ತವೆ. ನುಗ್ಗೆ ಪುಡಿ ಆಗ ಸ್ವಲ್ಪ ನೆರವಾಗಬಹುದು. ಆದರೆ ಹಸಿ ಎಲೆಯಲ್ಲಿದ್ದ ಸಿ ಜೀವಸತ್ವ ಒಣಗಿಸುವಾಗ ಬಹುಪಾಲು ಹೋಗಿರುತ್ತದೆಂಬುದನ್ನು ನೆನಪಿಡಬೇಕು. ತಗಡಿನ ಮೇಲೆ ಜೋಳದ ಕಣಿಕೆ ಹೊದಿಸಿ ನೀರು ಚಿಮುಕಿಸುವುದು, ಕೋಳಿಗಳ ಸಂಖ್ಯೆ ಕಡಿಮೆ ಮಾಡುವುದು, ಬೆಳಗಿನ ಹನ್ನೊಂದರಿಂದ ಸಂಜೆ ನಾಲ್ಕರವರೆಗೆ ಆಹಾರ ತೆಗೆದು ತಣ್ಣೀರು ಕೊಡುವುದು, ಇವುಗಳ ಕೆಲಸವನ್ನು ಪುಡಿ ಮಾಡಲಾರದು.

ತನ್ನ ಶೆಡ್ಡಿನಲ್ಲಿಯೇ ಪರೀಕ್ಷೆ

ಇನ್ನೊಬ್ಬರ ಶೆಡ್ಡಿನ ಫಲ ತನ್ನ ಶೆಡ್ಡಿನಲ್ಲಿ ಬರುತ್ತದೆಂದು ನಂಬಬೇಕಾಗಿಲ್ಲ. ಎಂಟನೇ ದಿನ ಒಂದೇ ತಂಡದ ಮರಿಗಳಲ್ಲಿ ನೂರು ನೂರನ್ನು ಆರಿಸಿ, ತೂಗಿ, ಶೆಡ್ಡಿನ ನಡುವೆ ಜಾಲರಿ ಕಟ್ಟಿ ಎರಡು ಭಾಗ ಮಾಡಬೇಕು. ಗಾಳಿ, ಬೆಳಕು, ತೊಟ್ಟಿ, ನೀರು ಎರಡಕ್ಕೂ ಸಮ. ಒಂದಕ್ಕೆ ಪುಡಿ ಬೆರೆಸಿದ ಆಹಾರ, ಇನ್ನೊಂದಕ್ಕೆ ಬೆರೆಸದ್ದು. ಹಾಕಿದ ಆಹಾರವನ್ನು ದಿನವೂ ಬರೆದಿಟ್ಟು, ಕೊನೆಯ ದಿನ ತೊಟ್ಟಿಯಲ್ಲಿ ಉಳಿದುದನ್ನು ಕಳೆಯಬೇಕು. ಸತ್ತ ಕೋಳಿಯಿದ್ದರೆ ಅದರ ತೂಕವನ್ನೂ ದಿನವನ್ನೂ ಬರೆದುಕೊಳ್ಳಬೇಕು.

ಮಾರುವ ದಿನ ತೂಕವನ್ನಷ್ಟೇ ನೋಡಿ ಮೋಸಹೋಗುವುದುಂಟು. ಉದಾಹರಣೆಗೆ, ಪುಡಿ ಬೆರೆಸದ ನೂರು ಕೋಳಿಗಳು 340 ಕಿಲೋ ಆಹಾರ ತಿಂದು 200 ಕಿಲೋ ಬೆಳೆದವು, ಪುಡಿ ತಿಂದವು 345 ಕಿಲೋ ತಿಂದು 203 ಕಿಲೋ ಬೆಳೆದವು ಎಂದುಕೊಳ್ಳೋಣ. ಮೂರು ಕಿಲೋ ಹೆಚ್ಚು ಎಂದು ಸಂತೋಷವಾಗುತ್ತದೆ. ಭಾಗಿಸಿ ನೋಡಿದರೆ ಎರಡೂ ಕಡೆ ಒಂದು ಕಿಲೋ ತೂಕಕ್ಕೆ 1.7 ಕಿಲೋ ಆಹಾರವೇ ಹಿಡಿದಿದೆ. ಎಂದರೆ ಕೋಳಿ ಹೆಚ್ಚು ತಿಂದು ಹೆಚ್ಚು ಬೆಳೆದಿದೆ ಅಷ್ಟೆ, ಆಹಾರದಲ್ಲಿ ಉಳಿತಾಯವಾಗಿಲ್ಲ. ಎಲೆ ಕೊಯ್ದು ಒಣಗಿಸಿದ ಕೂಲಿ ಬೇರೆ ಲೆಕ್ಕ. ಸಾವು ಕಡಿಮೆಯಾಗಿದ್ದರೆ ಅಥವಾ ಔಷಧದ ಚೀಟಿ ಚಿಕ್ಕದಾಗಿದ್ದರೆ ಮಾತ್ರ ಲಾಭವುಂಟು. ಒಂದು ತಂಡದ ಫಲದ ಮೇಲೆ ತೀರ್ಮಾನಿಸಬಾರದು. ಬೇಸಿಗೆಯ ಒಂದು ತಂಡ, ಮಳೆಗಾಲದ ಒಂದು ತಂಡ, ಚಳಿಗಾಲದ ಒಂದು ತಂಡ, ಹೀಗೆ ಮೂರರಲ್ಲಿ ನೋಡಬೇಕು. ಬರೆದಿಟ್ಟ ಪುಸ್ತಕವನ್ನು ತಾಲ್ಲೂಕಿನ ಪಶುವೈದ್ಯರಿಗೆ ಅಥವಾ ಕಲಬುರಗಿಯ ಕೃಷಿ ವಿಜ್ಞಾನ ಕೇಂದ್ರದವರಿಗೆ ತೋರಿಸಿದರೆ ಪ್ರಮಾಣವನ್ನು ಹೆಚ್ಚು ಕಡಿಮೆ ಮಾಡುವ ಬಗ್ಗೆ ವಿಚಾರಿಸಬಹುದು.